ಟೇಪು ಹೇಳಿದ್ದು, ಎಂ.ಆರ್.ಐ. ಹೇಳಿದ್ದು

ಹೋದ ತಿಂಗಳು ಒಂದು ರವಿವಾರ ಮಧ್ಯಾಹ್ನ ಅಕ್ಕನ ಮಗಳು ಹಿಂಜವಡಿಯಿಂದ ಕೊಥ್ರೂಡಿನ ನಮ್ಮ ಮನೆಗೆ ಬಂದಳು. ಬಂದವಳು ಊಟಕ್ಕೆ ಕೂಡಲಿಲ್ಲ. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಮಾಡಿಟ್ಟಿದ್ದೆ. ಅದರ ಕಡೆ ನೋಡಿ, "ಮೌಶಿ, ನಂದು ಡಯಟ್ ನಡದದ" ಅಂದಳು. ಆಮೇಲೆ ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೈಲು ತೆಗೆದು ನನ್ನ ಮುಂದಿಟ್ಟಳು.

"ಇದರಾಗ ಏನರ ಖರೇ ಅದ ಏನು, ನೋಡಿ ಹೇಳು. ಅವ್ವಗ ಹೇಳಬ್ಯಾಡ."

ಫೈಲಿನಲ್ಲಿ ಪುಣೆಯ ಒಂದು ಸ್ಲಿಮ್ಮಿಂಗ್ ಕ್ಲಿನಿಕ್ಕಿನ ಪ್ಯಾಕೇಜಿನ ಕಾಗದ. ತೊಡೆಗೆ ರೇಡಿಯೋಫ್ರೀಕ್ವೆನ್ಸಿ, ಎಂಟು ಸಿಟ್ಟಿಂಗ್, 64,000 ರೂಪಾಯಿ. ಹತ್ತು ಸಾವಿರ ಮುಂಗಡ ಕಟ್ಟಿ ಆಗಿದೆ. ಮೂಲೆಯಲ್ಲಿ ಪೆನ್ನಿನಿಂದ ಯಾರೋ ಬರೆದಿದ್ದರು: "ಎರಡು ಇಂಚು ಗ್ಯಾರಂಟಿ". ಕೆಳಗೆ ಸಣ್ಣ ಅಕ್ಷರಗಳಲ್ಲಿ, ಅಚ್ಚಾದದ್ದು: "ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಬಹುದು". ಪೆನ್ನಿನದನ್ನು ನಂಬಬೇಕೋ ಅಚ್ಚಿನದನ್ನೋ ಎಂದು ಕೇಳಬೇಕೆನಿಸಿತು. ಹುಡುಗಿಯ ಮುಖ ನೋಡಿ ಸುಮ್ಮನಾದೆ.

ಹುಬ್ಬಳ್ಳಿಯಲ್ಲಿ ಮದುವೆ ಗೊತ್ತಾಗಿದೆ. ರಿಸೆಪ್ಷನ್ನಿಗೆ ಲೆಹೆಂಗಾ ಅಳತೆ ಕೊಡುವಾಗ ಬೀಗರ ಕಡೆಯ ಯಾರೋ ಹಿರಿಯರು, ಎಲ್ಲರ ಎದುರಿಗೆ, ನಗುತ್ತಲೇ, "ಮ್ಯಾಲಿಂದ ಸಣ್ಣಕಿ, ಕೆಳಗಿಂದ ಗಟ್ಟಿ ಇದ್ದಾಳ ಬಿಡ್ರಿ" ಅಂದರಂತೆ. ಅಷ್ಟೇ ಮಾತು. ಅಂದವರು ಆ ಕ್ಷಣಕ್ಕೇ ಮರೆತಿರಬಹುದು. ಇವಳು ಅಂದಿನಿಂದ ರಾತ್ರಿ ಊಟ ಬಿಟ್ಟಿದ್ದಾಳೆ.

ಈ ಅಂಕಣ ಓದುವವರಿಗೆ ಗೊತ್ತು, ನಾನು ಡಾಕ್ಟರಲ್ಲ. ಒಂದು ವೈದ್ಯಕೀಯ ಕಾಲೇಜಿನ ಗ್ರಂಥಾಲಯದಲ್ಲಿ 28 ವರ್ಷ ಕೆಲಸ ಮಾಡಿದವಳು. ವಿದ್ಯಾರ್ಥಿಗಳಿಗೆ ಪ್ರಬಂಧ ಹುಡುಕಿ ಕೊಡುತ್ತ ಕೊಡುತ್ತ, ಯಾವ ಪ್ರಬಂಧದ ಹೊಟ್ಟೆಯಲ್ಲಿ ಹೂರಣ ಇದೆ, ಯಾವುದು ಬರೀ ಕಣಕ ಅನ್ನುವುದು ಸ್ವಲ್ಪ ತಿಳಿಯತೊಡಗಿತು. "ಒಂದು ವಾರ ಟೈಮ್ ಕೊಡು" ಎಂದೆ.

ಮೊದಲು ಯಂತ್ರದ ಮಾತು. ಇದರಲ್ಲಿ ಮಾಯ ಮಂತ್ರ ಇಲ್ಲ, ಮೋಸವೂ ಇಲ್ಲ. ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ದೇಹದೊಳಗೆ ಹಾಯುವಾಗ ಅಲ್ಲಿನ ಪದರಗಳು ಅದಕ್ಕೆ ಅಡ್ಡಿ ಮಾಡುತ್ತವೆ, ಆ ಅಡ್ಡಿಯಿಂದ ಬಿಸಿ ಹುಟ್ಟುತ್ತದೆ. ನಿಮ್ಮಲ್ಲಿ ಯಾರಾದರೂ ಮಂಡಿ ನೋವಿಗೆಂದು ತಾಯಿಯನ್ನು ಫಿಸಿಯೋಥೆರಪಿಗೆ ಕರೆದೊಯ್ದಿದ್ದರೆ ಶಾರ್ಟ್‌ವೇವ್ ಡಯಾಥರ್ಮಿಯ ಪೆಟ್ಟಿಗೆ ನೋಡಿರುತ್ತೀರಿ. ಅದು ಸಾಮಾನ್ಯವಾಗಿ ನಡೆಯುವುದು 27.12 ಮೆಗಾಹರ್ಟ್ಸ್‌ನಲ್ಲಿ. ಕೊಬ್ಬು ಕರಗಿಸುವ ಯಂತ್ರಗಳಲ್ಲಿ ಹೆಸರಾದ ವ್ಯಾಂಕ್ವಿಶ್ ನಡೆಯುವುದೂ ಅದರಲ್ಲೇ. ಕೊಬ್ಬಿನ ಪದರ ವಿದ್ಯುತ್ತಿಗೆ ಸ್ನಾಯುವಿಗಿಂತ ಹೆಚ್ಚು ಅಡ್ಡಿ ಮಾಡುತ್ತದೆ. ವಿದ್ಯುತ್ ಕ್ಷೇತ್ರವನ್ನು ಸರಿಯಾದ ದಿಕ್ಕಿನಲ್ಲಿ ಹಾಯಿಸಿದರೆ ಚರ್ಮ ತಣ್ಣಗಿರುವಾಗಲೇ ಕೊಬ್ಬು ಹೆಚ್ಚು ಕಾಯುತ್ತದೆ. ಪ್ರಯೋಗಶಾಲೆಯಲ್ಲಿ ಕೊಬ್ಬಿನ ಕೋಶಗಳನ್ನು 45 ಡಿಗ್ರಿಯಲ್ಲಿ ಮೂರು ನಿಮಿಷ ಇಟ್ಟಾಗ ಅವುಗಳಲ್ಲಿ ಬಹುಪಾಲು ಮುಂದಿನ ಕೆಲವು ದಿನಗಳಲ್ಲಿ ಸತ್ತದ್ದನ್ನು 2010ರಲ್ಲಿ ಪ್ರಕಟಿಸಿದ್ದಾರೆ. ಸತ್ತ ಕೋಶಗಳನ್ನು ದೇಹದ ಸಫಾಯಿ ಕೋಶಗಳು ವಾರಗಟ್ಟಲೆ ತೆಗೆದುಕೊಂಡು ತಿನ್ನುತ್ತವೆ.

ಅಂದರೆ ತತ್ವ ಸರಿ ಇದೆ. ಗಾಜಿನ ತಟ್ಟೆಯ ಕೋಶಕ್ಕೂ ನಡೆದಾಡುವ ಹುಡುಗಿಯ ತೊಡೆಗೂ ನಡುವಿನ ದಾರಿಯಲ್ಲಿ ಏನಾಗುತ್ತದೆ ಅನ್ನುವುದು ಪ್ರಶ್ನೆ.

ಹುಡುಕುತ್ತ ಹೋದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು 'ಡರ್ಮಟಾಲಜಿಕ್ ಸರ್ಜರಿ' ಪತ್ರಿಕೆಯಲ್ಲಿ 2008ರಲ್ಲಿ ಬಂದ ಒಂದು ಅಧ್ಯಯನ. ಅಮೆರಿಕದ್ದು. ತೊಡೆಯ ಮೇಲ್ಭಾಗದಲ್ಲಿ ಸೆಲ್ಯುಲೈಟ್, ಅಂದರೆ ಕಿತ್ತಳೆ ಸಿಪ್ಪೆಯ ಹಾಗೆ ತಗ್ಗು ದಿಣ್ಣೆ, ಇದ್ದ 30 ಜನ. ಎರಡು ವಾರಕ್ಕೊಮ್ಮೆ, ಒಟ್ಟು ಆರು ಸಲ ರೇಡಿಯೋಫ್ರೀಕ್ವೆನ್ಸಿ. ಮುಗಿದ ಮೇಲೆ ನೋಡಿದರೆ 27 ಜನರಿಗೆ ಸುಧಾರಣೆ ಕಂಡಿತ್ತು. ತೊಡೆಯ ಸುತ್ತಳತೆ ಸರಾಸರಿ 2.45 ಸೆಂಟಿಮೀಟರ್ ಇಳಿದಿತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಕ್ಲಿನಿಕ್ಕಿನ ಗೋಡೆಗೆ ಫ್ರೇಮ್ ಹಾಕಿ ತೂಗುಹಾಕಬಹುದಾದ ಫಲಿತಾಂಶ. ಆದರೆ ಆ ಸಂಶೋಧಕರು ಟೇಪಿನಲ್ಲಿ ಅಳೆದು ಸುಮ್ಮನಾಗಲಿಲ್ಲ. ರಕ್ತದ ಕೊಬ್ಬಿನಂಶ ನೋಡಿದರು, ಚರ್ಮದ ತುಣುಕು ತೆಗೆದು ಸೂಕ್ಷ್ಮದರ್ಶಕದಡಿ ನೋಡಿದರು, ಎಂ.ಆರ್.ಐ. ಕೂಡ ಮಾಡಿದರು. ಎಂ.ಆರ್.ಐ.ಯಲ್ಲಿ ಬದಲಾವಣೆ ಇಲ್ಲ. ರಕ್ತದಲ್ಲೂ ಇಲ್ಲ. ಬದಲಾವಣೆ ಇದ್ದದ್ದು ಚರ್ಮದಲ್ಲಿ: ಅದರ ಮೇಲಿನ ಪದರದಲ್ಲಿ ನಾರು ಹೆಚ್ಚಾಗಿ ಬಿಗಿದಿತ್ತು.

ನಾನು ಆ ಸಾಲನ್ನು ಮೂರು ಸಲ ಓದಿದೆ. ಟೇಪು ಎರಡೂವರೆ ಸೆಂಟಿಮೀಟರ್ ಹೋಯಿತು ಅನ್ನುತ್ತದೆ. ಒಳಗೆ ಇಣುಕಿ ನೋಡುವ ಯಂತ್ರ ಕೊಬ್ಬು ಇದ್ದಲ್ಲೇ ಇದೆ ಅನ್ನುತ್ತದೆ. ಎರಡೂ ಸುಳ್ಳು ಹೇಳುತ್ತಿಲ್ಲ. ಸಡಿಲಾದ ಚೀಲದ ಬಾಯಿ ಬಿಗಿದರೆ ಚೀಲ ಸಣ್ಣದಾಗಿ ಕಾಣುತ್ತದೆ, ಒಳಗಿನ ಅಕ್ಕಿ ಅಷ್ಟೇ ಇರುತ್ತದೆ. ಬಿಸಿಗೆ ಚರ್ಮದ ಕೊಲಾಜೆನ್ ಮುದುಡಿ, ಆಮೇಲೆ ಹೊಸದು ಬೆಳೆಯುವುದು ಮೊದಲಿಂದ ತಿಳಿದ ವಿಷಯ. ಮುಖದ ಸುಕ್ಕಿಗೆ ಇದೇ ತಂತ್ರ ಬಳಸುತ್ತಾರೆ. ಚರ್ಮ ಬಿಗಿಯಾಗುವುದು ಕೆಟ್ಟದ್ದೇನಲ್ಲ. ಆದರೆ ಕಾಗದದಲ್ಲಿ ಬರೆದದ್ದು "ಫ್ಯಾಟ್ ರಿಡಕ್ಷನ್".

ಇನ್ನೊಂದು ಲೆಕ್ಕ ಹಾಕಿದೆ, ಶಾಲೆಯಲ್ಲಿ ಕಲಿತ ವೃತ್ತದ ಲೆಕ್ಕ. ಸುತ್ತಳತೆ 2.45 ಸೆಂಟಿಮೀಟರ್ ಇಳಿದರೆ ತೊಡೆ ಸುತ್ತಲೂ ಒಳಗೆ ಸರಿಯುವುದು ನಾಲ್ಕು ಮಿಲಿಮೀಟರ್. ಸುತ್ತಳತೆಯ ಸಂಖ್ಯೆ ದೊಡ್ಡದಾಗಿ ಕೇಳಿಸುತ್ತದೆ, ಅದಕ್ಕೇ ಎಲ್ಲರೂ ಅದನ್ನೇ ಹೇಳುತ್ತಾರೆ. ನಮ್ಮ ಹುಡುಗಿಗೆ ಪೆನ್ನಿನಲ್ಲಿ ಬರೆದುಕೊಟ್ಟ ಎರಡು ಇಂಚು ಅಂದರೆ 5 ಸೆಂಟಿಮೀಟರ್. ಆ ಅಧ್ಯಯನದ ಸರಾಸರಿಯ ಎರಡು ಪಟ್ಟು.

ಟೇಪಿನ ಬಗ್ಗೆ ಇನ್ನೂ ಹೇಳುವುದಿದೆ. ಮುಂದಿನ ರವಿವಾರ ಅವಳು ಬಂದಾಗ ನನ್ನ ಬ್ಲೌಸ್ ಹೊಲಿಯುವ ಟೇಪು ತೆಗೆದೆ. ಬಾಗಿಲು ಹಾಕಿಕೊಂಡು ಅವಳ ಬಲ ತೊಡೆ ಅಳೆದೆ: 58.5. ಅವಳೇ ಅಳೆದುಕೊಂಡಳು: 57.8. ಎರಡು ಬೆರಳು ಮೇಲೆ, ಭಾರವನ್ನು ಆ ಕಾಲಿನ ಮೇಲೆ ಹಾಕಿ ನಿಂತಾಗ: 59.4. ಹತ್ತು ನಿಮಿಷದಲ್ಲಿ, ಯಾವ ಚಿಕಿತ್ಸೆಯೂ ಇಲ್ಲದೆ, ಒಂದೂವರೆ ಸೆಂಟಿಮೀಟರಿನಷ್ಟು ವ್ಯತ್ಯಾಸ. ಬೆಳಿಗ್ಗೆಗೂ ಸಂಜೆಗೂ, ಮುಟ್ಟಿನ ಮೊದಲಿಗೂ ನಂತರಕ್ಕೂ ಮೈಯ ನೀರಿನಂಶ ಬದಲಾಗುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಎದ್ದ ಕಾಲೂ ಬೆಳಗಿನ ಕಾಲೂ ಒಂದೇ ಅಲ್ಲ. ಅಳೆಯುವವರು ಫಲಿತಾಂಶ ಬಯಸುವವರೇ ಆಗಿದ್ದರೆ ಟೇಪನ್ನು ಒಂದಿಷ್ಟು ಬಿಗಿದು ಹಿಡಿಯಲು ಕೆಟ್ಟ ಬುದ್ಧಿಯೇ ಬೇಕೆಂದಿಲ್ಲ, ಆಸೆ ಇದ್ದರೆ ಸಾಕು.

ಇದನ್ನೆಲ್ಲ ತಪ್ಪಿಸಲು ಸಂಶೋಧನೆಯಲ್ಲಿ ಹಳೆಯ ಉಪಾಯವಿದೆ. ಕೆಲವರಿಗೆ ನಿಜವಾದ ಚಿಕಿತ್ಸೆ, ಕೆಲವರಿಗೆ ಬಿಸಿಯಾಗದ ಸುಳ್ಳು ಚಿಕಿತ್ಸೆ. ಯಾರಿಗೆ ಯಾವುದು ಎಂದು ಅಳೆಯುವವರಿಗೆ ಗೊತ್ತಿರಬಾರದು. ತೊಡೆಯ ವಿಷಯದಲ್ಲಂತೂ ದೇವರೇ ಏರ್ಪಾಟು ಮಾಡಿಟ್ಟಿದ್ದಾನೆ: ಪ್ರತಿಯೊಬ್ಬರಿಗೂ ಎರಡಿವೆ. ಒಂದಕ್ಕೆ ಚಿಕಿತ್ಸೆ ಕೊಟ್ಟು ಇನ್ನೊಂದನ್ನು ಬಿಟ್ಟರೆ ಊಟ, ನಿದ್ದೆ, ಮುಟ್ಟು, ತೂಕ ಎಲ್ಲವೂ ಎರಡೂ ಕಡೆ ಸಮ. ಹೀಗೆ ಮಾಡಿದ ಅಧ್ಯಯನಗಳೂ ಇವೆ, ಆದರೆ ಅವು ತೀರ ಸಣ್ಣವು. 2008ರಲ್ಲೇ ಬಂದ ಒಂದರಲ್ಲಿ ಹತ್ತೇ ಜನ. ಹತ್ತು ಜನರಿಂದ ಏನನ್ನೂ ಗಟ್ಟಿಯಾಗಿ ಹೇಳಲು ಬರುವುದಿಲ್ಲ, ನಮ್ಮ ಸೊಸೈಟಿಯ ಮೀಟಿಂಗಿಗೇ ಅಷ್ಟು ಜನರ ಕೋರಂ ಸಾಲುವುದಿಲ್ಲ.

ಒಂದೊಂದೇ ಪ್ರಬಂಧ ಓದುತ್ತ ಕೂಡದೆ ಎಲ್ಲವನ್ನೂ ಒಟ್ಟಿಗೆ ಹರಡಿ ನೋಡಿದವರಿದ್ದಾರೆ. 2015ರಲ್ಲಿ ಸೆಲ್ಯುಲೈಟ್ ಚಿಕಿತ್ಸೆಗಳ ಬಗ್ಗೆ ಬಂದ ಒಂದು ಸಮೀಕ್ಷೆ 67 ಅಧ್ಯಯನಗಳನ್ನು ಜಾಲಾಡಿತು. ರೇಡಿಯೋಫ್ರೀಕ್ವೆನ್ಸಿ, ಲೇಸರ್, ಮಸಾಜು, ಕ್ರೀಮು ಎಲ್ಲ ಸೇರಿ. ಆ 67ರಲ್ಲಿ ಚೀಟಿ ಎತ್ತಿ ಗುಂಪು ಮಾಡಿ, ಸುಳ್ಳು ಚಿಕಿತ್ಸೆಯ ಜೊತೆ ಹೋಲಿಸಿದ್ದು 19 ಮಾತ್ರ. ಯಾವ ಚಿಕಿತ್ಸೆಗೂ ಒಳ್ಳೆಯ ಪರಿಣಾಮದ ಸ್ಪಷ್ಟ ಪುರಾವೆ ಸಿಗಲಿಲ್ಲವೆಂದು ಬರೆದು ಮುಗಿಸಿದ್ದಾರೆ. ಬರೆದವರು ಈ ಚಿಕಿತ್ಸೆಗಳ ವೈರಿಗಳಲ್ಲ. ಅವರಲ್ಲೊಬ್ಬರು ಸ್ವತಃ ಇಂಥ ಯಂತ್ರಗಳ ಮೇಲೆ ಅಧ್ಯಯನ ಮಾಡಿದ ಚರ್ಮರೋಗ ತಜ್ಞರು. ಆಮೇಲೂ ತೊಡೆಯ ಸುತ್ತಳತೆ ಇಳಿದ ವರದಿಗಳು ಬಂದಿವೆ. ಇಳಿದದ್ದು ಕೊಬ್ಬೋ ನೀರೋ ಚರ್ಮದ ಸಡಿಲೋ ಎಂದು ಟೇಪಿನ ಸಂಖ್ಯೆ ಹೇಳುವುದಿಲ್ಲ.

"ಆದ್ರ ಅಮೆರಿಕಾದ ಎಫ್‌ಡಿಎ ಅಪ್ರೂವ್ ಮಾಡೇದ ಅಂತ ಬರದಾರಲ್ಲ?" ಎಂದು ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ, ಇಲ್ಲಿ ಬಹಳ ಜನ ಜಾರುತ್ತಾರೆ. ಹೊಸ ಔಷಧಿ ಮಾರುಕಟ್ಟೆಗೆ ಬರಬೇಕಾದರೆ ಅದು ಕೆಲಸ ಮಾಡುತ್ತದೆಂದು ದೊಡ್ಡ ಪ್ರಯೋಗಗಳಿಂದ ತೋರಿಸಬೇಕು. ಇಂಥ ಯಂತ್ರಗಳು ಸಾಮಾನ್ಯವಾಗಿ ಬರುವುದು ಬೇರೆ ಬಾಗಿಲಿನಿಂದ. ಈಗಾಗಲೇ ಮಾರಾಟದಲ್ಲಿರುವ ಒಂದು ಯಂತ್ರಕ್ಕೆ ಇದು ಸಮಾನವಾಗಿದೆ ಎಂದು ತೋರಿಸಿದರೆ "ಕ್ಲಿಯರೆನ್ಸ್" ಸಿಗುತ್ತದೆ. ಆ ಯಂತ್ರ ಅದಕ್ಕೂ ಹಿಂದಿನದಕ್ಕೆ ಸಮಾನ ಎಂದು ಬಂದಿರಬಹುದು. ಸೆಲ್ಯುಲೈಟ್ ಯಂತ್ರಗಳ ಕ್ಲಿಯರೆನ್ಸಿನ ಒಕ್ಕಣೆ ಓದಿದರೆ ಅಲ್ಲಿ ಮತ್ತೆ ಮತ್ತೆ ಬರುವ ಪದ "ತಾತ್ಕಾಲಿಕ". ಸೆಲ್ಯುಲೈಟ್ "ಕಾಣುವಿಕೆ" ತಾತ್ಕಾಲಿಕವಾಗಿ ಕಡಿಮೆಯಾಗಲು. ಪುಣೆಗೆ ಬರುವಷ್ಟರಲ್ಲಿ ಆ ಪದ ಎಲ್ಲೋ ಇಳಿದುಹೋಗಿತ್ತು.

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. ಔಷಧಿ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತುಗಳ ಬಗ್ಗೆ 1954ರ ಕಾಯ್ದೆ ಇದೆ, ಗುಣಪಡಿಸುತ್ತೇವೆಂದು ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಬೊಜ್ಜೂ ಇದೆ. ಆ ಫೈಲನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಬೊಜ್ಜು ಎಂಬ ಪದವೇ ಇಲ್ಲ. "ಇಂಚ್ ಲಾಸ್", "ಕಾಂಟೂರಿಂಗ್", "ಬ್ರೈಡಲ್ ಶೇಪ್".

ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ವಧುವಿನ ಜೊತೆ ಬರುವ ತಾಯಿಗೆ ಒಂದು ಸಿಟ್ಟಿಂಗ್ ಉಚಿತ.

"ನಿಮ್ಮ ಅವ್ವಗೂ ಮಾಡಸ್ತೀಯೇನು?"

"ಹೂಂ, ಫ್ರೀ ಅದ ಅಂತ ಹೇಳೇನಿ. ಮದವಿಗೆ ಮೊದಲ ಬರೋಳಿದ್ದಾಳಲ್ಲ, ಅವಾಗ. ನನ್ನ ಸಲುವಾಗಿ ಅಂತ ಹೇಳಿಲ್ಲ, ಮಂಡಿಗೆ ಶಾಖ ಅಂತ ಹೇಳೇನಿ."

ನನ್ನ ಎದೆ ಧಸಕ್ಕೆಂದಿತು. ಅಕ್ಕನ ಬಲ ಮಂಡಿ ಬದಲಾಯಿಸಿ ಐದು ವರ್ಷವಾಯಿತು. ಒಳಗಿರುವುದು ಲೋಹದ ಕೀಲು. ಇಂಥ ವಿದ್ಯುತ್ ಕ್ಷೇತ್ರದಲ್ಲಿ ಲೋಹ ಬಂದರೆ ಅದರ ಸುತ್ತ ವಿದ್ಯುತ್ ಒಟ್ಟುಗೂಡಿ ಪಕ್ಕದ ಮಾಂಸ ಸುಡಬಹುದು. ಹೊರಗಿನ ಚರ್ಮ ತಣ್ಣಗೇ ಇರುತ್ತದೆ, ಒಳಗೆ ಸುಡುವುದು ತಡವಾಗಿ ಗೊತ್ತಾಗುತ್ತದೆ. ಫಿಸಿಯೋಥೆರಪಿಯವರು ಡಯಾಥರ್ಮಿ ಕೊಡುವ ಮೊದಲು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು: ಮೈಯಲ್ಲಿ ರಾಡು, ಸ್ಕ್ರೂ, ಕೃತಕ ಕೀಲು, ಪೇಸ್‌ಮೇಕರ್ ಇದೆಯೇ, ಗರ್ಭಿಣಿಯೇ? ಹುಡುಗಿಯನ್ನು ಕೇಳಿದೆ, "ಕ್ಲಿನಿಕ್ಕಿನ್ಯಾಗ ಇದೆಲ್ಲ ಕೇಳಿದ್ರೇನು?" ಅವಳು ತಲೆ ಅಲ್ಲಾಡಿಸಿದಳು. ಕೇಳಿದ್ದು ಮದುವೆಯ ತಾರೀಖು, ಕಾರ್ಡೋ ಯುಪಿಐಯೋ ಎಂದು.

ಓದುಗರಲ್ಲಿ ಯಾರಾದರೂ ಇಂಥದ್ದಕ್ಕೆ ಹೋಗುವವರಿದ್ದರೆ, ಉಳಿದದ್ದೆಲ್ಲ ಮರೆತರೂ ಇದೊಂದನ್ನು ನೆನಪಿಡಿ. ಮತ್ತೊಂದನ್ನೂ. ತೊಡೆ ಕಾಲುಗಳ ಕೊಬ್ಬು ಎರಡೂ ಕಡೆ ಸಮನಾಗಿ ಹೆಚ್ಚಿ, ಪಾದ ಮಾತ್ರ ಸಣ್ಣಗೆ ಉಳಿದು, ಒತ್ತಿದರೆ ನೋವು, ಸಣ್ಣ ಪೆಟ್ಟಿಗೂ ಕಪ್ಪುಗಟ್ಟುವುದು ಇದ್ದರೆ ಅದು ಲಿಪೆಡೀಮಾ ಎಂಬ ಕಾಯಿಲೆ ಇರಬಹುದು. ಹೆಚ್ಚುಕಡಿಮೆ ಹೆಂಗಸರಿಗೇ ಬರುವಂಥದ್ದು. ಅಮೆರಿಕದ ಮೇಯೋ ಕ್ಲಿನಿಕ್ಕಿನ ವೈದ್ಯರು 1940ರಲ್ಲೇ ಇದನ್ನು ವಿವರಿಸಿದ್ದರೂ ಇಂದಿಗೂ ಅನೇಕರಿಗೆ "ಊಟ ಕಡಿಮೆ ಮಾಡಿ" ಎಂಬ ಉಪದೇಶ ಬಿಟ್ಟು ಬೇರೇನೂ ಸಿಗುವುದಿಲ್ಲ. ಇಂಥವರು ಹೋಗಬೇಕಾದದ್ದು ಡಾಕ್ಟರ ಹತ್ತಿರ, ಪ್ಯಾಕೇಜಿನ ಹತ್ತಿರ ಅಲ್ಲ. ನಮ್ಮ ಹುಡುಗಿಯನ್ನು ಕೇಳಿದೆ, ನೋವಿಲ್ಲ, ಕಪ್ಪುಗಟ್ಟುವುದಿಲ್ಲ. ಅವಳದು ಬರೀ ನಮ್ಮ ಮನೆತನದ ತೊಡೆ. ನನಗೂ ಇದೆ, ಅಕ್ಕನಿಗೂ ಇದೆ, ನಮ್ಮ ಅವ್ವನಿಗೂ ಇತ್ತು. ಇಳಕಲ್ ಸೀರೆ ಉಡುವ ಕಾಲದಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟೇ.

ಈ ತೊಡೆಯ ಕೊಬ್ಬು ಮೊಂಡು. ಅಲ್ಲಿನ ಕೋಶಗಳಲ್ಲಿ ಕೊಬ್ಬು ಬಿಡುವುದನ್ನು ತಡೆಯುವ ಗ್ರಾಹಕಗಳು ಹೆಚ್ಚು. ಉಪವಾಸ ಮಾಡಿದರೆ ಮುಖ, ಎದೆ ಮೊದಲು ಸೊರಗುತ್ತವೆ, ತೊಡೆ ಕೊನೆಗೆ. ಬಾಣಂತನದಲ್ಲಿ ಮಗುವಿಗೆ ಹಾಲೂಡಿಸುವಾಗ ಬೇಕಾದೀತೆಂದು ದೇಹ ಕಟ್ಟಿಟ್ಟುಕೊಂಡ ಬುತ್ತಿ ಅದು ಅನ್ನುತ್ತಾರೆ. ಆ ಬುತ್ತಿಯಿಂದ ಆರೋಗ್ಯಕ್ಕೆ ಕೇಡಿಲ್ಲ. ಹೊಟ್ಟೆಯೊಳಗಿನ ಕೊಬ್ಬು ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗೆ ದಾರಿ ಮಾಡುತ್ತದೆ. ತೊಡೆ ಪೃಷ್ಠದ ಕೊಬ್ಬು ಸುತ್ತಾಡುವ ಕೊಬ್ಬಿನಾಮ್ಲಗಳನ್ನು ಹಿಡಿದಿಟ್ಟುಕೊಂಡು ಒಂದು ರೀತಿಯಲ್ಲಿ ಕಾಪಾಡುತ್ತದೆ. ಡೆನ್ಮಾರ್ಕಿನಲ್ಲಿ 1,436 ಗಂಡಸರು, 1,380 ಹೆಂಗಸರ ತೊಡೆ ಅಳೆದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಒಂದು ಅಧ್ಯಯನ 2009ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಬಂತು. ತೊಡೆಯ ಸುತ್ತಳತೆ ಸುಮಾರು 60 ಸೆಂಟಿಮೀಟರಿಗಿಂತ ಕಡಿಮೆ ಇದ್ದವರಲ್ಲಿ ಹೃದ್ರೋಗ, ಬೇಗ ಸಾಯುವುದು ಹೆಚ್ಚು ಕಂಡಿತ್ತು. ತೊಡೆಯಲ್ಲಿ ಸ್ನಾಯುವೂ ಇರುತ್ತದೆ, ಡೇನರ ಮೈಕಟ್ಟೇ ಬೇರೆ, ಆ ಸಂಖ್ಯೆಯನ್ನು ಹಾಗೇ ನಮಗೆ ಹಚ್ಚಲಾಗದು. ಆದರೂ ಬ್ಲೌಸಿನ ಟೇಪು 58.5 ತೋರಿಸಿದ ಹುಡುಗಿಗೆ ಅದನ್ನು ಓದಿ ಹೇಳುವಾಗ ನನಗೆ ನಗು ತಡೆಯಲಾಗಲಿಲ್ಲ. ಡೆನ್ಮಾರ್ಕಿನ ಲೆಕ್ಕದಲ್ಲಿ ಅವಳದು ಇನ್ನೂ ಒಂದಿಷ್ಟು ದಪ್ಪ ಇರಬೇಕಿತ್ತು.

ನಮ್ಮದೇ ಲೆಕ್ಕ ಬೇಕೆಂದರೆ ಪುಣೆಯಲ್ಲೇ ಇದೆ. ಇಲ್ಲಿಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿ ಒಂದು ಪುಟ್ಟ ಟಿಪ್ಪಣಿ ಬರೆದಿದ್ದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ 21.2. ನೋಡಲು ಸಣ್ಣಗಿದ್ದೂ ಒಳಗೆ ಕೊಬ್ಬಿರುವ ನಮ್ಮ ಜನಕ್ಕೆ ಟೇಪು ಹಿಡಿಯಬೇಕಾದ ಜಾಗ ಸೊಂಟ: ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ಅಳೆದೆ. ಹುಡುಗಿಯದು 71. ನನ್ನದನ್ನು ಇಲ್ಲಿ ಬರೆಯುವುದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಅವಳು ತುಸು ಹೊತ್ತು ಸುಮ್ಮನೆ ಕೂತಿದ್ದಳು. ಅವಳಿಗೆ ನೋವಾದದ್ದು ಒಂದು ಮಾತಿನಿಂದ. ಪ್ರಬಂಧಗಳಿಂದ ಅದು ಹೋಗುವಂಥದ್ದಲ್ಲ, ಅದು ನನಗೂ ಗೊತ್ತಿತ್ತು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಕಿರುತೆರೆಯ ನಟಿ ನೆನಪಾದಳು. ಇಪ್ಪತ್ತೊಂದು ವರ್ಷ. ಅದು ಬೇರೆ ಚಿಕಿತ್ಸೆ, ಇದಕ್ಕೆ ಹೋಲಿಸುವುದು ಸರಿಯಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೆದರಿಸಿ ಬಿಡಿಸುವುದಾದರೆ ನಾನೂ ಆ ಪೆನ್ನಿನವರ ಹಾಗೇ ಆದೆನಲ್ಲ.

ಶನಿವಾರ ಇಬ್ಬರೂ ಕ್ಲಿನಿಕ್ಕಿಗೆ ಹೋದೆವು. ಕೌನ್ಸೆಲರ್ ಎಂದು ಕರೆಸಿಕೊಳ್ಳುವ ಹುಡುಗಿ ನೀರು ತಂದುಕೊಟ್ಟಳು. ಒಳ್ಳೆಯ ಹುಡುಗಿ, ಮರಾಠಿಯಲ್ಲಿ "ಕಾಕೂ, ಕಾಕೂ" ಎಂದು ಮಾತಾಡಿಸಿದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮವಳು ಶುರು ಮಾಡಿದಳು.

"ಒಂದೇ ತೊಡೆಗೆ ಮಾಡ್ರಿ. ಬಲಗಡೆ ಅಷ್ಟೇ. ನಾಲ್ಕು ಸಿಟ್ಟಿಂಗ್ ಆದಮ್ಯಾಲೆ ಎರಡೂ ಅಳಿಯೋಣ. ಅಳಿಯೋರು ಬ್ಯಾರೆಯವರು ಇರಬೇಕು, ಯಾವ ಕಡೆ ಮಾಡೀರಿ ಅಂತ ಅವರಿಗೆ ಹೇಳಬಾರದು. ಫರಕ ಕಂಡ್ರ ಎಡಕ್ಕೂ ಮಾಡಸ್ತೀನಿ, ಪೂರಾ ರೊಕ್ಕ ಕೊಡ್ತೀನಿ."

ಇದನ್ನೆಲ್ಲ ಅವಳು ಹಿಂದಿಯಲ್ಲಿ ಹೇಳಿದ್ದು. ನನ್ನ ಕಿವಿಗೆ ಮಾತ್ರ ಧಾರವಾಡದ ಧಾಟಿಯಲ್ಲೇ ಬಿತ್ತು. ಕೌನ್ಸೆಲರ್ ಹುಡುಗಿ ಒಮ್ಮೆ ಇವಳನ್ನು, ಒಮ್ಮೆ ನನ್ನನ್ನು ನೋಡಿ ಒಳಗೆ ಹೋದಳು. ಮ್ಯಾನೇಜರು ಬಂದರು. ಹಾಗೆ ಮಾಡಲು ಬರುವುದಿಲ್ಲ, ಪ್ಯಾಕೇಜು ಎರಡೂ ತೊಡೆಗೆ ಕೂಡಿಯೇ ಇದೆ, ಒಂದು ಸಣ್ಣ ಒಂದು ದಪ್ಪ ಆದರೆ ಗ್ರಾಹಕರು ಬೇಜಾರಾಗುತ್ತಾರೆ ಎಂದರು.

"ಹಂಗಾದ್ರ ಫರಕ ಬೀಳತದ ಅಂತ ಖಾತ್ರಿ ಅದ ಅಲ್ಲ, ಸರ್? ಬರದು ಕೊಡ್ರಿ."

ಬರೆದು ಕೊಡಲಿಲ್ಲ. ಮುಂಗಡವೂ ವಾಪಸು ಬರಲಿಲ್ಲ. ರಸೀದಿಯ ಹಿಂದೆ ಹಾಗೆಂದು ಅಚ್ಚಾಗಿತ್ತು, ನಾವೇ ಓದಿರಲಿಲ್ಲ. ಅರ್ಧ ಗಂಟೆ ಮಾತಾಡಿದ ಮೇಲೆ ಹತ್ತು ಸಾವಿರವನ್ನು ಫೇಶಿಯಲ್ಲಿಗೂ ಕೂದಲಿಗೂ ಹೊಂದಿಸಿ ಕೊಡಲು ಒಪ್ಪಿದರು. ಯಂತ್ರದ ಕಡೆ ಹೋಗದ ಹಾಗೆ, ಫೇಶಿಯಲ್ ಮಾತ್ರ ಎಂದು ರಸೀದಿಯ ಮೇಲೆ ಬರೆಸಿ, ಅದನ್ನು ಅಕ್ಕನ ಹೆಸರಿಗೆ ಮಾಡಿಸಿದೆವು. ಅಕ್ಕನಿಗೆ ಫೋನು ಮಾಡಿ ಹೇಳಿದಾಗ, ಅರವತ್ತೆರಡರ ನನ್ನ ಮುಖಕ್ಕೆ ಹತ್ತು ಸಾವಿರ ಯಾಕೆ ಬಡಿದಿರಿ ಎಂದು ಇಬ್ಬರಿಗೂ ಸೇರಿಸಿ ಬೈದಳು.

ವಾಪಸು ಬರುವಾಗ ಕರ್ವೆ ರಸ್ತೆಯಲ್ಲಿ ಟ್ರಾಫಿಕ್ಕು. ರಿಕ್ಷಾದಲ್ಲಿ ಕೂತು ಅವಳು ಲೆಹೆಂಗಾ ಹೊಲಿಯುವವನಿಗೆ ಫೋನು ಮಾಡಿ ಒಂದು ಇಂಚು ಸಡಿಲು ಬಿಡಲು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ಮೌಶಿ, ಅವತ್ತಿನ ಎಣ್ಣೆಗಾಯಿ ಮತ್ತ ಮಾಡ್ತೀಯೇನು?" ಅಂದಳು. ಮನೆಯಲ್ಲಿ ಬದನೆಕಾಯಿ ಇರಲಿಲ್ಲ. ರಿಕ್ಷಾವನ್ನು ಮಂಡಿಯ ಕಡೆ ತಿರುಗಿಸಲು ಹೇಳಿದೆ.